ಉಬ್ಬುಮೀನಿನ ಉಸ್ತುವಾರಿ

ಸಮುದ್ರದ ಜೀವಿಗಳ ಬಗ್ಗೆ ರೋಣ ತಾಲ್ಲೂಕಿನಲ್ಲಿ ಅಧಿಕಾರವಾಣಿಯಿಂದ ಮಾತಾಡಬಲ್ಲವನು ನಾನೊಬ್ಬನೇ ಎಂದು ಬಹಳ ಕಾಲ ನಂಬಿದ್ದೆ. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಭಾಂಡೆ ಅಂಗಡಿ ಇದೆ. ಕೊಡ, ತಂಬಿಗೆ, ಡಬ್ಬಿ ಮಾರುವವನಿಗೂ ಸಮುದ್ರಕ್ಕೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ನಾನು ಒಮ್ಮೆ ಕಾರವಾರಕ್ಕೆ ಹೋಗಿದ್ದೆ!

ಅಲ್ಲಿ ಬೆಳಗಿನ ಹೊತ್ತು ದಂಡೆಯ ಮೇಲೆ ಮೀನುಗಾರರು ಬಲೆ ಕೊಡವಿ, ಬೇಡವಾದ ಮೀನುಗಳನ್ನು ಮರಳಿಗೆ ಎಸೆಯುತ್ತಿದ್ದರು. ಅದರಲ್ಲಿ ಒಂದರ ಮೂತಿ ಥೇಟ್ ಕಪ್ಪೆಯದು. ಅಗಲ ಬಾಯಿ, ಗಡ್ಡದ ಹಾಗೆ ಜೋತಾಡುವ ಚರ್ಮ, ಲೋಕದ ಮೇಲೆಲ್ಲ ಸಿಟ್ಟಾದವರ ಮುಖಭಾವ. ಹತ್ತಿರದಿಂದ ನೋಡೋಣವೆಂದು ಬಗ್ಗಿದೆ. ಅದು 'ಗುರ್ರ್' ಎಂದಿತು. ಮೀನು ಗುರುಗುಟ್ಟುತ್ತದೆ ಎಂದು ನನಗೆ ಯಾವ ಸಾಲಿಯಲ್ಲೂ ಕಲಿಸಿರಲಿಲ್ಲ. ಹೌಹಾರಿ ಹಿಂದಕ್ಕೆ ನೆಗೆದೆ. ನೆಗೆದವನು ನೆಟ್ಟಗೆ ಯಾವುದೋ ಮಗುವಿನ ಚೆಂಡಿನ ಮೇಲೆ ಬರಿಗಾಲಿಟ್ಟೆ. ಅದು ಚೆಂಡಲ್ಲ. ಗಾಳಿ ಕುಡಿದು ಉಬ್ಬಿದ್ದ ಮುಳ್ಳುಮೀನು!

"ಮುಟ್ಟಬೇಡಿ, ಅದನ್ನು ತಿಂದರೆ ಜೀವ ಹೋಗುತ್ತದೆ" ಎಂದು ಮೀನುಗಾರನೊಬ್ಬ ಕೂಗಿದ. ತಿನ್ನುವ ಮಾತು ಎಲ್ಲಿ ಬಂತು? ಅದೇ ನನ್ನನ್ನು ತಿಂದಿತ್ತು.

ಆಮೇಲೆ ಊರಿಗೆ ಬಂದು ಈ ಕಥೆಯನ್ನು ಹೇಳುತ್ತ ಹೋದೆ. ಹೇಳಿದಷ್ಟೂ ನನ್ನ ಜ್ಞಾನ ಹೆಚ್ಚಿತು. ಉಬ್ಬುವ ಮೀನನ್ನು ಕಣ್ಣಾರೆ ಕಂಡವರು ಬೇಕಾದಷ್ಟು ಜನ ಇರಬಹುದು. ಕಾಲಾರೆ ಕಂಡವನು ನಾನೊಬ್ಬನೇ!

ಈ ಜ್ಞಾನ ನನ್ನನ್ನು ಎಲ್ಲಿಗೆ ಒಯ್ದಿತು ಎನ್ನುವುದೇ ಮುಂದಿನ ಕಥೆ.

ನನ್ನ ಹೆಂಡತಿ ಗಿರಿಜಾಳ ತವರು ಗಜೇಂದ್ರಗಡ. ಅಲ್ಲಿ ಅವಳ ತಮ್ಮ ಈರಣ್ಣನ ಸೀರೆ ಅಂಗಡಿ ಇದೆ. ಅವನ ಮದುವೆಯಲ್ಲಿ ನಾನು ಹೋಳಿಗೆ ಮುರಿದು, "ಇದು ಹೋಳಿಗೆಯೋ ಹಂಚೋ?" ಎಂದು ಪಂಕ್ತಿಯಲ್ಲಿ ಕೇಳಿದ್ದೆ. ತಮಾಷೆಗೆ ಅಂದ ಮಾತು. ಪಂಕ್ತಿ ನಕ್ಕಿತು, ಈರಣ್ಣ ನಗಲಿಲ್ಲ. ಅಂದಿನಿಂದ ವರ್ಷಗಟ್ಟಲೆ ಎರಡು ಮನೆಗೂ ಮಾತಿಲ್ಲ, ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲಿಕ್ಕೂ ಅವನು ಬರಲಿಲ್ಲ. ಈಚೆಗೆ ಹಿರಿಯರು ನಡುವೆ ಬಂದು ಹೇಗೋ ರಾಜಿ ಮಾಡಿಸಿದ್ದರು. ರಾಜಿಯ ಊಟಕ್ಕೆಂದೇ ನಾವು ಗಜೇಂದ್ರಗಡಕ್ಕೆ ಹೋಗಿದ್ದೆವು.

ಪಡಸಾಲೆಯಲ್ಲಿ ದೊಡ್ಡ ಗಾಜಿನ ತೊಟ್ಟಿ. ಒಳಗೆ ಒಂದೇ ಒಂದು ಮೀನು. ಗುಂಡು ಮೈ, ಹಸಿರು ಬಣ್ಣ, ಮೇಲೆ ಚಿರತೆಯಂಥ ಕಪ್ಪು ಚುಕ್ಕೆ. ಒಂದು ಕಣ್ಣು ನನ್ನನ್ನು ನೋಡುತ್ತಿದ್ದರೆ ಇನ್ನೊಂದು ಕಣ್ಣು ಅಡುಗೆ ಮನೆಯನ್ನು ನೋಡುತ್ತಿತ್ತು.

"ಇದರ ಹೆಸರು ಗುಂಡಪ್ಪ" ಎಂದ ಈರಣ್ಣ ಹೆಮ್ಮೆಯಿಂದ. "ಪಫರ್ ಫಿಶ್ ಅಂತಾರ ಮಾವಾರ. ಅಂಜಿದ್ರ ಉಬ್ತೈತಂತ. ನಮ್ಮ ಮನ್ಯಾಗ ಇನ್ನೂ ಒಂದ್ಸಲನೂ ಉಬ್ಬಿಲ್ಲ. ನಿಮಗ ಇಂಥಾವು ಗೊತ್ತೇನ್ರಿ?"

"ಗೊತ್ತೇನು ಅಂದ್ರ?" ಎಂದು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾರವಾರದ ಕಥೆ ತೆಗೆದೆ. ಈರಣ್ಣನ ಕಣ್ಣು ಅರಳಿದವು. ವರ್ಷಗಳ ನಂತರ ಅವನು ನನ್ನನ್ನು ಗೌರವದಿಂದ ನೋಡಿದ್ದು ಅದೇ ಮೊದಲು.

"ಹಂಗಾದ್ರ ದೇವ್ರ ನಿಮ್ಮನ್ನ ಕಳಿಸ್ಯಾನ ಬಿಡ್ರಿ! ನಾವೆಲ್ಲ ಕಾಶಿಗಿ ಹೊಂಟೀವಿ. ಇದನ್ನ ಯಾರ ಕೈಯಾಗ ಕೊಡಬೇಕು ಅಂತ ನಿದ್ದಿ ಬಿಟ್ಟಿದ್ದೆ. ಇದರ ಊಟದ್ದೊಂದು ಭಾಳ ತ್ರಾಸ ಐತ್ರಿ, ಅದನ್ನ ಸ್ವಲ್ಪ ತಿಳಿಸಿ ಹೇಳ್ತೀನಿ..."

"ನನಗ ಹೇಳಬ್ಯಾಡೋ" ಎಂದೆ ಕೈ ಎತ್ತಿ. "ಮೀನಿಗೆ ಈಸು ಕಲಿಸ್ತಿಯೇನು?"

ಅವನು ಸುಮ್ಮನಾದ. ಅಯ್ಯೋ, ಅವನು ಸುಮ್ಮನಾಗಬಾರದಿತ್ತು!

ಹೊರಡುವಾಗ ಗಿರಿಜಾ ನನ್ನ ಕಿವಿಯಲ್ಲಿ ಹೇಳಿದಳು, "ನನ್ನ ತಮ್ಮ ಈಗರ ಮಾತಾಡಾಕ ಹತ್ಯಾನ. ಈ ಮೀನಿಗಿ ಏನರ ಆತಂದ್ರ ನನಗ ತವರ ಬಂದ್ ಆಗ್ತೈತಿ. ನೆನಪಿರ್ಲಿ."

ಒಂದು ಸಣ್ಣ ಗಾಜಿನ ತೊಟ್ಟಿಯನ್ನು ಟಂಟಂ ಆಟೋದಲ್ಲಿ ಮೊದಲೇ ರೋಣಕ್ಕೆ ಕಳಿಸಿದೆವು. ಗುಂಡಪ್ಪನನ್ನು ಮಾತ್ರ ನನ್ನ ಅಂಗಡಿಯದೇ ಸ್ಟೀಲ್ ಡಬ್ಬಿಯಲ್ಲಿ ನೀರು ತುಂಬಿ, ಮುಚ್ಚಳಕ್ಕೆ ತೂತು ಹೊಡೆದು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆ. ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ತೂತಿನ ಡಬ್ಬಿ. ರಾಜೂರದಲ್ಲಿ ಹತ್ತಿದ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಡಬ್ಬಿಯನ್ನೇ ನೋಡಿದರು.

"ಪ್ರಸಾದೇನ್ರಿ?"

"ಅಲ್ರಿ. ಮೀನ."

ಅವರು ನನ್ನ ವಿಭೂತಿ ನೋಡಿದರು. ಡಬ್ಬಿ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಮನ್ಯಾಗ ಗೊತ್ತೈತ್ಯಾ?"

"ಮನಿಯಾಕಿ ಇಲ್ಲೇ ಅದಾಳ್ರಿ, ಹಿಂದಿನ ಸೀಟಿನ್ಯಾಗ."

"ಅವ್ರೂ ತಿಂತಾರ?"

ನಾನು ಇದು ಸಾಕುವ ಮೀನು ಎಂದು ವಿವರಿಸುವಷ್ಟರಲ್ಲಿ ಬಸ್ಸಿನ ಅರ್ಧ ಜನಕ್ಕೆ ವಿಷಯ ಮುಟ್ಟಿತ್ತು. ಭಾಂಡೆ ಅಂಗಡಿ ಸಾವುಕಾರ ಮೀನು ತಿನ್ನಲು ಶುರು ಮಾಡಿದ್ದಾನೆ ಎನ್ನುವ ಸುದ್ದಿ ರೋಣದಲ್ಲಿ ನನಗಿಂತ ಮೊದಲೇ ಬಸ್ಸು ಇಳಿಯಿತು!

ಮನೆಯಲ್ಲಿ ಗುಂಡಪ್ಪನನ್ನು ತೊಟ್ಟಿಗೆ ಬಿಟ್ಟು ಚುರುಮುರಿ ಹಾಕಿದೆ. ಉಬ್ಬುವ ಮೀನಿಗೆ ಉಬ್ಬಿದ ಅಕ್ಕಿ, ಇದಕ್ಕಿಂತ ಒಪ್ಪುವ ಆಹಾರ ಯಾವುದು? ಅದು ಮೂಸಲೂ ಇಲ್ಲ. ಜೋಳದ ರೊಟ್ಟಿ ಪುಡಿ ಮಾಡಿ ಹಾಕಿದೆ. ಮುಖ ತಿರುಗಿಸಿತು. ಶೇಂಗಾ ಕಾಳು ಹಾಕಿದೆ. ಒಂದು ಕಾಳನ್ನು ಕಚ್ಚಿ ಉಗುಳಿ, ಒಂದು ಕಣ್ಣಿನಿಂದ ಕಾಳನ್ನೂ ಇನ್ನೊಂದರಿಂದ ನನ್ನನ್ನೂ ನೋಡಿತು. ಎರಡನ್ನೂ ಒಂದೇ ತಿರಸ್ಕಾರದಿಂದ.

ಮರುದಿನವೂ ಉಪವಾಸ. ಗಿರಿಜಾಳ ಮುಖ ಬಾಡಿತು. "ನೀವು ಕಾಲಾರೆ ಕಂಡೋರಲ್ಲ, ಏನ್ ತಿಂತೈತಿ ಅಂತ ಕಾಲನ್ನ ಕೇಳ್ರಿ" ಎಂದಳು. ವಿಧಿಯಿಲ್ಲದೆ ಈರಣ್ಣನಿಗೆ ಫೋನು ಹಚ್ಚಿದೆ. ಅವನು ರೈಲಿನಲ್ಲಿದ್ದ. ಗಡಗಡ ಸದ್ದು. ಮಾತು ಅರ್ಧ ಕೇಳುತ್ತಿತ್ತು, ಅರ್ಧ ಗಾಳಿಗೆ ಹೋಗುತ್ತಿತ್ತು.

"ಗುಂಡಪ್ಪ ಆರಾಮ ಅದಾನ. ಊಟದ್ದೊಂದು ಸಣ್ಣ ವಿಷಯ ಕೇಳೋದಿತ್ತು" ಎಂದೆ ಘನತೆಯಿಂದ.

"ಬಸವ... ಹೂ... ಹಾಕ್ರಿ ಮಾವಾರ!"

"ಬಸವಗ ಹೂ ಹಾಕಲ್ಯಾ? ಎಷ್ಟು ಹಾಕಲಿ?"

"ದಿನಾ ನಾಕೈದು ಸಾಕ್ರಿ!"

"ಯಾವ ಬಣ್ಣದ್ದು?"

"ಯಾವದಾದ್ರೂ ನಡಿತೈತ್ರಿ, ಸಣ್ಣವು ಇರ್ಲಿ! ತೊಳದು ಹಾಕ್ರಿ!"

ಫೋನು ಕಟ್ಟಾಯಿತು. ಈರಣ್ಣ ಇಷ್ಟು ದೈವಭಕ್ತನೆಂದು ನನಗೆ ತಿಳಿದಿರಲಿಲ್ಲ. ಮನಸ್ಸು ತುಂಬಿ ಬಂತು. ಸ್ನಾನ ಮಾಡಿ, ಸಣ್ಣ ಸಣ್ಣ ಹೂಗಳನ್ನು ಆರಿಸಿ ತೊಳೆದುಕೊಂಡು ಬಸವಣ್ಣನ ಗುಡಿಗೆ ಹೋದೆ.

ಪೂಜಾರಿ ಅಯ್ಯನವರು ಹೂ ತೆಗೆದುಕೊಂಡು ಕೇಳಿದರು, "ಏನ್ ಸಾವ್ಕಾರ್ರ, ಮನ್ಯಾಗ ಯಾರಿಗರ ಆರಾಮಿಲ್ಲೇನು?"

"ಹೌದ್ರಿ ಅಜ್ಜಾರ. ಊಟಾನ ಬಿಟ್ಟೈತಿ."

"ಅಯ್ಯೋ ಪಾಪ. ಯಾರ್ರಿ?"

"ಮೀನರಿ."

ಅಯ್ಯನವರ ಕೈಯಲ್ಲಿದ್ದ ಗಂಟೆ ತಾನೇ ನಿಂತಿತು. ಬಸ್ಸಿನ ಸುದ್ದಿ ಗುಡಿಯವರೆಗೂ ಬಂದಿತ್ತೆಂದು ಅವರ ಮುಖ ನೋಡಿದಾಗ ತಿಳಿಯಿತು!

ಅಂದು ರಾತ್ರಿ ಈರಣ್ಣನೇ ಫೋನು ಮಾಡಿದ. ಈ ಸಲ ಸದ್ದಿರಲಿಲ್ಲ. "ಹುಳ ತಿಂದ್ನೇನ್ರಿ ಗುಂಡಪ್ಪ?"

"ಯಾವ ಹುಳ?"

"ಬಸವನಹುಳರಿ! ಮುಂಜಾನಿ ಹೇಳಿದ್ನಲ್ಲ. ಚಿಪ್ಪ ಸಮೇತ ಹಾಕಬೇಕು. ಅದರ ಹಲ್ಲು ಒಂದೇ ಸವನ ಬೆಳಿತಾವ, ಗಟ್ಟಿ ಚಿಪ್ಪು ಕಡಿದ್ರನ ಸವಿತಾವ. ಇಲ್ಲಂದ್ರ ಬಾಯಿ ತೆರಿಯಾಕನ ಬರಂಗಿಲ್ಲರಿ ಅದಕ್ಕ."

"ಗೊತ್ತೈತಿ, ಗೊತ್ತೈತಿ" ಎಂದು ಫೋನು ಇಟ್ಟೆ. ಗಿರಿಜಾ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಬಸವನ ಹೆಸರಿನ ಹುಳಾನ ಬಸವನ ಭಕ್ತರ ಮನ್ಯಾಗ ಕೊಲ್ಲೂದ?" ಎಂದಳು. "ನಿಮ್ಮ ಜ್ಞಾನಕ್ಕ ಬೆಂಕಿ ಹತ್ತಲಿ!"

ಆದರೆ ತವರಿನ ಪ್ರಶ್ನೆ. ಎರಡು ದಿನದ ಹಿಂದಷ್ಟೇ ಮಳೆ ಹಿಡಿದಿತ್ತು. ಮರುದಿನ ಅಂಗಡಿ ಮುಚ್ಚಿ, ಸ್ಕೂಟರ್ ಹತ್ತಿ ಸವಡಿ ದಾರಿಯ ಹಳ್ಳಕ್ಕೆ ಹೋದೆ. ಎರೆಮಣ್ಣು. ಒಂದು ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮೇಲೆ. ಧೋತರ ಎತ್ತಿ ಕಟ್ಟಿ, ಹುಲ್ಲಿನ ಬುಡದಲ್ಲಿ ಬಗ್ಗಿ ನಾಲ್ಕು ಹುಳ ಹಿಡಿದು ಜೇಬಿಗೆ ಹಾಕಿಕೊಂಡೆ. ಆಗಲೇ ಮೇಲಿನಿಂದ ದನಿ ಬಂತು.

"ಏನ್ ಹುಡುಕಾಕ ಹತ್ತೀರಿ ಸಾವ್ಕಾರ್ರ?"

ಸವಡಿಯ ರೈತರು, ಅದೂ ನನ್ನ ಗಿರಾಕಿಗಳು. ಹೊಲದಿಂದ ಮರಳುತ್ತಿದ್ದರು. ಮೊದಲೇ ಮೀನಿನ ಅಪವಾದ ತಲೆ ಮೇಲಿದೆ. ಈಗ ಹುಳದ ಅಪವಾದವೂ ಬಂದರೆ ನನ್ನ ಅಂಗಡಿಯ ತಂಬಿಗೆಯಲ್ಲಿ ಯಾರು ನೀರು ಕುಡಿದಾರು?

"ಉಂಗುರ ಬಿದ್ದೈತ್ರಿ" ಎಂದುಬಿಟ್ಟೆ.

"ಬಂಗಾರದ್ದ?"

"ಬಂಗಾರದ್ದ."

ಎಂಥ ಒಳ್ಳೆಯ ಜನ! ಬುತ್ತಿ ಗಂಟು ದಂಡೆಗಿಟ್ಟು ಎಲ್ಲರೂ ಕೆಸರಿಗೆ ಇಳಿದೇ ಬಿಟ್ಟರು. ಹುಲ್ಲು ಕಿತ್ತರು, ಕೆಸರು ಬಗೆದರು. "ಈ ಹಾಳ ಬಸವನಹುಳ ಅಡ್ಡ ಬರಾಕ ಹತ್ಯಾವ ನೋಡ್ರಿ" ಎನ್ನುತ್ತ ಕೈಗೆ ಸಿಕ್ಕ ಹುಳಗಳನ್ನೆಲ್ಲ ಬೊಗಸೆ ಬೊಗಸೆಯಾಗಿ ಹಳ್ಳದ ಆಚೆ ದಂಡೆಗೆ ಎಸೆಯತೊಡಗಿದರು. ಗುಂಡಪ್ಪನ ತಿಂಗಳ ರೇಷನ್ನು ನನ್ನ ಕಣ್ಣೆದುರೇ ಗಾಳಿಯಲ್ಲಿ ಹಾರಿ ಹೋಗುತ್ತಿತ್ತು. "ಬ್ಯಾಡ್ರಿ, ಬಿಡ್ರಿ, ಹೋಗ್ಲಿ ಬಿಡ್ರಿ" ಎಂದು ಅಂಗಲಾಚಿದೆ.

"ಬಿಡೂದ್ಹ್ಯಾಂಗ್ರಿ? ಬಂಗಾರ ಅದು!"

ಕೊನೆಗೆ ಒಬ್ಬ ಮುದುಕಿ ಸೊಂಟ ನೆಟ್ಟಗೆ ಮಾಡಿ, ನಾನು ಅಂಗಲಾಚುತ್ತ ಎತ್ತಿದ್ದ ಕೈಯನ್ನೇ ನೋಡಿ ಕೇಳಿದಳು, "ಯಪ್ಪಾ, ನಿನ್ನ ಬೆರಳಾಗ ಇರೂದು ಏನದು?"

ಉಂಗುರ! ಎಲ್ಲರೂ ನೋಡಿದರು. ನಾನೂ ನೋಡಿದೆ. "ಅರೆ, ಸಿಕ್ತಲ್ಲ!" ಎಂದೆ. ಅದೇ ಗಳಿಗೆಯಲ್ಲಿ ನನ್ನ ಜೇಬಿನಿಂದ ಒಂದು ಬಸವನಹುಳು ಕೊಂಬು ಚಾಚಿ ಹೊರಗೆ ಇಣುಕಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬುತ್ತಿ ಗಂಟು ಎತ್ತಿಕೊಂಡು ಬೇಗಬೇಗ ಹೋದರು. ಸಿಟ್ಟಾಗಿದ್ದರೆ ಚಲೋ ಇತ್ತು. ಪಾಪ, ತಲೆ ಕೆಟ್ಟಿದೆ ಎಂದು ಕನಿಕರಪಟ್ಟರು!

ಅಷ್ಟು ಮಾನ ಕೊಟ್ಟು ತಂದ ನಾಲ್ಕು ಹುಳಗಳನ್ನು ಗಿರಿಜಾ ಬಾಗಿಲಲ್ಲೇ ತಡೆದಳು. "ಇವತ್ತ ಸ್ವಾಮಾರ, ಬಸವಣ್ಣನ ವಾರ. ಇವತ್ತ ಬ್ಯಾಡ. ನಾಳೆ ನಾನು ಹಿತ್ತಲಕ್ಕ ಹೋದಾಗ, ನನಗ ಕಾಣದಂಗ ಏನರ ಮಾಡ್ಕೋರಿ." ಒಪ್ಪಿ ಹುಳಗಳನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ಯಾವ ಡಬ್ಬಿ? ನಾನೇ ತೂತು ಹೊಡೆದ ಡಬ್ಬಿ. ಮುಚ್ಚಳ ಮೊದಲಿನಿಂದಲೂ ಸಡಿಲ. ನನ್ನದೇ ಅಂಗಡಿಯ ಮಾಲು, ನಾನು ಯಾರಿಗೆ ದೂರಲಿ?

ಬೆಳಗ್ಗೆ ದೇವರ ಜಗಲಿಯಿಂದ ಗಿರಿಜಾಳ ಕೂಗು ಕೇಳಿ ಓಡಿದೆ. ಹಿತ್ತಾಳೆಯ ಬಸವಣ್ಣನ ತಲೆಯ ಮೇಲೆ, ಎರಡು ಕೊಂಬಿನ ನಡುವೆ, ಒಂದು ಬಸವನಹುಳು ಭಕ್ತಿಯಿಂದ ಕುಳಿತಿತ್ತು. ಇನ್ನೆರಡು ಹುಳ ಜಗಲಿಯ ಮೆಟ್ಟಿಲು ಹತ್ತುತ್ತಿದ್ದವು. ನಾಲ್ಕನೆಯದು ವಿಭೂತಿಯ ಬಟ್ಟಲಲ್ಲಿ ಉರುಳಾಡಿ ಬೆಳ್ಳಗಾಗಿತ್ತು.

"ನೋಡ್ರಿ, ವಿಭೂತಿ ಹಚ್ಕೊಂಡೈತಿ" ಎಂದಳು ಗಿರಿಜಾ ಗದ್ಗದಿತಳಾಗಿ. "ಇವನ್ನ ಕೊಂದ್ರ ನಮಗ ನರಕಾನೂ ಸಿಗಂಗಿಲ್ಲ." ನಾಲ್ಕನ್ನೂ ಎಲೆಯ ಮೇಲಿಟ್ಟು ಹಿತ್ತಲಿನ ಬಾಳೆಗಿಡದ ಬುಡಕ್ಕೆ ಬಿಟ್ಟು ಕೈ ಮುಗಿದು ಬಂದಳು.

ಈಗ ನನಗೆ ಉಳಿದದ್ದು ಒಂದೇ ದಾರಿ, ಮೀನಿನ ಮನವೊಲಿಸುವುದು. ತೊಟ್ಟಿಯ ಗಾಜಿಗೆ ಮೂಗು ಹಚ್ಚಿ ಕುಳಿತು, "ಒಂದ ಶೇಂಗಾ ತಿನ್ನಪಾ ಗುಂಡಪ್ಪ, ನಿನ್ನ ಕಾಲಿಗಿ ಬೀಳ್ತೀನಿ" ಎಂದೆ. ಗುಂಡಪ್ಪ ನನ್ನ ಮುಖವನ್ನು ಎರಡೂ ಕಣ್ಣಿನಿಂದ ಒಟ್ಟಿಗೆ ನೋಡಿತು. ಅಂಥ ಗೌರವ ಅದು ಯಾರಿಗೂ ಕೊಟ್ಟಿರಲಿಲ್ಲ. ಮರುಗಳಿಗೆ ಗುಟುಕು ಗುಟುಕಾಗಿ ನೀರು ಎಳೆದುಕೊಂಡು, ನೋಡ ನೋಡುತ್ತ ಲಿಂಬೆಹಣ್ಣು ಮೋಸಂಬಿಯಾಯಿತು!

"ಅಯ್ಯೋ, ಹೊಟ್ಟಿ ಉಬ್ಬರಿಸೇತಿ! ಶೇಂಗಾದ್ದ ವಾಯು ಅದು!" ಎಂದು ಗಿರಿಜಾ ಅಜವಾನದ ನೀರು ಕುದಿಸಲು ಓಡಿದಳು. ಪಕ್ಕದ ಮನೆಯ ದಾವಲಬಿ ಬಂದು ನೋಡಿ, "ಅಣ್ಣಾರ, ಅಜವಾನ ಬ್ಯಾಡ್ರಿ, ಲಗೂ ದವಾಖಾನಿಗಿ ಒಯ್ರಿ. ಒಡದ ಗಿಡದೀತು!" ಎಂದಳು. ಒಡೆಯುತ್ತದೆ ಎನ್ನುವ ಮಾತಿಗೆ ನಮ್ಮಿಬ್ಬರ ಜೀವ ಬಾಯಿಗೆ ಬಂತು. ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿಯನ್ನು ಮೂರು ಸಲ ತಿಕ್ಕಿ ತೊಳೆದು, ತೊಟ್ಟಿಯ ನೀರಿನ ಸಮೇತ ಗುಂಡಪ್ಪನನ್ನು ಅದಕ್ಕೆ ಇಳಿಸಿ, ಇಬ್ಬರೂ ದನದ ದವಾಖಾನಿಗೆ ಓಡಿದೆವು.

ಅಲ್ಲಿ ಪಾಳಿ. ಮುಂದೆ ಒಂದು ಎಮ್ಮೆ, ಎರಡು ಆಡು, ಒಂದು ಕುಂಟುವ ಎತ್ತು. ಹಿಂದೆ ನಾವು. ನರಗುಂದದ ಕಡೆಯ ಡಾಕ್ಟರು, ತಲೆ ಎತ್ತದೆ ಬರೆಯುತ್ತಲೇ ಕೇಳಿದರು.

"ಏನಾಗೈತಿ?"

"ಹೊಟ್ಟಿ ಉಬ್ಬೈತ್ರಿ ಸಾಹೇಬ್ರ."

"ಮೇವು ಬಿಟ್ಟೈತ್ಯಾ?"

"ಪೂರಾ ಬಿಟ್ಟೈತ್ರಿ."

"ಎಷ್ಟನೇ ಸೂಲು?"

"ಗೊತ್ತಿಲ್ರಿ."

"ಹಾಲು ಎಷ್ಟ ಕೊಡ್ತೈತಿ?"

ನಾನು ಭರಣಿಯನ್ನು ಮೇಜಿನ ಮೇಲೆ ಇಟ್ಟೆ. ಡಾಕ್ಟರು ತಲೆ ಎತ್ತಿದರು. ಭರಣಿ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಒರೆಸಿ ಮತ್ತೆ ಭರಣಿ ನೋಡಿದರು. ಎಮ್ಮೆಯವನು, ಆಡಿನವಳು, ಎತ್ತಿನವನು ಎಲ್ಲರೂ ಮೇಜಿನ ಸುತ್ತ ಸೇರಿದರು. ಎಮ್ಮೆಯೂ ಕತ್ತು ಚಾಚಿತು.

"ಇದಕ್ಕ ರೋಗ ಇಲ್ಲರಿ" ಎಂದರು ಡಾಕ್ಟರು ಕೊನೆಗೆ. "ಇದು ಅಂಜೇತಿ. ಏನರ ಭಯಂಕರದ್ದು ಕಂಡ್ರ ಹಿಂಗ ನೀರು ಕುಡದು ಉಬ್ತೈತಿ. ಉಬ್ಬೂ ಮುಂದ ಎದರಿಗಿ ಏನಿತ್ತು?"

ಗಿರಿಜಾ ಬೆರಳು ಎತ್ತಿ ನನ್ನ ಮುಖ ತೋರಿಸಿದಳು.

"ನೀವು ಸ್ವಲ್ಪ ಬಾಗಿಲ ಕಡೆ ಹೋಗ್ರಿ."

ಹೋದೆ. ಬಾಗಿಲ ಹೊರಗೆ ನಿಂತೆ. ಒಳಗಿನಿಂದ "ಇಳಿತು, ಇಳಿತು!" ಎನ್ನುವ ಸದ್ದು. ಮೋಸಂಬಿ ಮತ್ತೆ ಲಿಂಬೆಯಾಗಿತ್ತು. ಖುಷಿಯಿಂದ ಒಳಗೆ ಓಡಿ ಬಗ್ಗಿ ನೋಡಿದೆ. ಬುಸ್! ಲಿಂಬೆ ಮತ್ತೆ ಮೋಸಂಬಿ!

"ಸಾವ್ಕಾರ್ರ, ಹೊರಗ ಹೋಗ್ರಿ!" ಎಂದ ಎಮ್ಮೆಯವನು. ಹೋದೆ. "ಇಳಿತ್ರಿ! ಈಗ ಸ್ವಲ್ಪ ಒಳಗ ಬರ್ರಿ, ನಮ್ಮ ಹುಡುಗ್ಯಾರು ನೋಡಿಲ್ಲಂತ."

"ಅದನ್ನ ಪದೇ ಪದೇ ಉಬ್ಬಿಸಬ್ಯಾಡ್ರಿ, ಅದಕ್ಕ ತ್ರಾಸಾಗ್ತೈತಿ" ಎಂದು ಡಾಕ್ಟರು ಗದರಿದರು. ನನಗೆ ತ್ರಾಸಾಗುವುದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. "ಉಪವಾಸ ಬಿದ್ದು ಸೊರಗೇತಿ. ಚಿಪ್ಪಿನ ಹುಳ ಹಾಕ್ರಿ, ಉಳಿತೈತಿ. ಇಲ್ಲಂದ್ರ ಭಾಳ ದಿನ ಇರಂಗಿಲ್ಲ. ಮತ್ತ ನೀವು ದೂರ ಇರ್ರಿ."

ಮನೆಗೆ ಬರುವವರೆಗೂ ಭರಣಿಯನ್ನು ಗಿರಿಜಾಳೇ ಹೊತ್ತಳು. ನಾನು ಹತ್ತು ಮಾರು ಹಿಂದೆ. ಮನೆ ಸೇರಿ ಗುಂಡಪ್ಪನನ್ನು ತೊಟ್ಟಿಗೆ ಬಿಟ್ಟು ಅವಳು ಬಹಳ ಹೊತ್ತು ಅದರ ಮುಂದೆ ಕುಳಿತಳು. ಅದು ಗಾಜಿನ ಹತ್ತಿರ ಬಂದು, ಹಸಿದ ಕೂಸಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡಿತು. ಗಿರಿಜಾಳ ಕಣ್ಣಲ್ಲಿ ನೀರು ಬಂತು.

"ಬಸವಣ್ಣ ನಮಗ ತಿನಬ್ಯಾಡ್ರಿ ಅಂದಾನ, ಖರೇ" ಎಂದಳು ಏಳುತ್ತ. "ಇದಕ್ಕೇನ್ ಲಿಂಗದೀಕ್ಷಾ ಆಗೈತೇನು? ಅದರ ಧರ್ಮ ಅದಕ್ಕ, ನಮ್ಮ ಧರ್ಮ ನಮಗ. ಮನಿಗಿ ಬಂದ ಬೀಗರ ಕೂಸನ್ನ ಉಪವಾಸ ಕೊಲ್ಲು ಅಂತ ಯಾವ ಶರಣರು ಹೇಳ್ಯಾರ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ದಾವಲಬಿಯ ಹಿತ್ತಲಿಗೆ ಹೋಗಿ ಬೇರೆ ಬಸವನಹುಳ ಆರಿಸಿ ತಂದಳು. ವಿಭೂತಿ ಹಚ್ಚಿಕೊಂಡ ನಮ್ಮ ನಾಲ್ಕಕ್ಕೆ ಮಾತ್ರ ಕ್ಷಮಾದಾನ. "ಬಸವಣ್ಣಾ, ತಪ್ಪು ಹೊಟ್ಟ್ಯಾಗ ಹಾಕ್ಕೋ" ಎನ್ನುತ್ತ ಒಂದೊಂದೇ ಹುಳವನ್ನು ತೊಟ್ಟಿಗೆ ಹಾಕಿದಳು. ಗುಂಡಪ್ಪ ಕಟಂ ಕುಟಂ ಎಂದು ಕಡಿಯುವ ಸದ್ದು ನಾನು ನಿಂತಿದ್ದ ಬೀದಿಗೂ ಕೇಳಿಸಿತು.

ಅಂದಿನಿಂದ ಮೀನಿನ ಪೂರ್ತಿ ಉಸ್ತುವಾರಿ ಅವಳದೇ. ಅವಳ ಬಳೆ ಸದ್ದಾದರೆ ಸಾಕು, ಗುಂಡಪ್ಪ ಬಾಲ ಬಡಿಯುತ್ತ ಮೇಲೆ ಬರುತ್ತಿತ್ತು. ನಾನು ಮಾತ್ರ ಪಡಸಾಲೆಯನ್ನು ದಾಟಬೇಕೆಂದರೆ ಟವೆಲ್ ಮುಖಕ್ಕೆ ಹಿಡಿದು ಗೋಡೆ ಸವರಿಕೊಂಡು ಹೋಗಬೇಕು. ಒಮ್ಮೆ ಹಾಗೆ ಹೋಗುತ್ತಿದ್ದಾಗ ಗಿರಾಕಿಯೊಬ್ಬ ಬಂದು, ಯಾರದೋ ಸಾವಾಗಿದೆಯೆಂದು ತಿಳಿದು ಚಪ್ಪಲಿ ಬಿಟ್ಟು ಕುಳಿತುಬಿಟ್ಟ!

ಈರಣ್ಣ ಕಾಶಿಯಿಂದ ಗಂಗಾಜಲ ಹಿಡಿದುಕೊಂಡು ನೇರ ನಮ್ಮ ಮನೆಗೇ ಬಂದ. ಗುಂಡಪ್ಪ ಮೈ ತುಂಬಿಕೊಂಡು ಹೊಳೆಯುತ್ತಿತ್ತು. ಈರಣ್ಣ ನನ್ನ ಎರಡೂ ಕೈ ಹಿಡಿದುಕೊಂಡ. "ಏನ್ ಕೈಗುಣ ಮಾವಾರ ನಿಮ್ದು!"

ಗಂಟಲು ಸರಿಮಾಡಿಕೊಂಡು, "ನೋಡು ಈರಣ್ಣ, ಈ ಜಾತಿಯ ಮೀನು ಅಂದ್ರ..." ಎಂದು ಶುರು ಮಾಡಿದೆ.

"ಕೈಗುಣ ನಂದು" ಎಂದಳು ಗಿರಿಜಾ ಚಹಾ ಇಡುತ್ತ. "ಮುಖಗುಣ ಅವರ್ದು." ಆಮೇಲೆ ಎಲ್ಲವನ್ನೂ ಹೇಳಿದಳು. ಗುಡಿಯ ಹೂವಿನಿಂದ ದವಾಖಾನಿಯ ಎಮ್ಮೆಯವರೆಗೆ ಒಂದನ್ನೂ ಬಿಡಲಿಲ್ಲ. ಈರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಳಗೆ ಕೂತು ನಕ್ಕ. ವರ್ಷಗಳ ಮಾತಿಲ್ಲದ ಮುನಿಸು ಆ ನಗುವಿನಲ್ಲಿ ತೊಳೆದುಹೋಯಿತು. ಹಿರಿಯರ ಪಂಚಾಯಿತಿಯಿಂದ ಪೂರ್ತಿ ಆಗದ ರಾಜಿ ನನ್ನ ಮುಖದಿಂದ ಆಯಿತು. ಅಷ್ಟಾದರೂ ಉಪಯೋಗಕ್ಕೆ ಬಂತಲ್ಲ!

ಆ ಸಲ ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆಯಲು ಈರಣ್ಣ ಸ್ವತಃ ಬಂದ. ನನ್ನನ್ನೂ ಕರೆದ. ಹೊಸ ಅಂಗಿ ತೊಟ್ಟು, ಅಳಿಯನ ಗತ್ತಿನಲ್ಲಿ ಗಜೇಂದ್ರಗಡಕ್ಕೆ ಹೋದೆ. ಕಾಲಿಗೆ ನೀರು ಕೊಟ್ಟರು. ಗಿರಿಜಾ ನೆಟ್ಟಗೆ ಒಳಗೆ ಹೋದಳು. ನಾನು ಹೊಸ್ತಿಲು ದಾಟಲು ಕಾಲೆತ್ತಿದೆ. ಈರಣ್ಣ ಮೆಲ್ಲಗೆ ನನ್ನ ಭುಜ ಹಿಡಿದ.

"ಮಾವಾರ, ತಪ್ಪ ತಿಳ್ಕೋಬ್ಯಾಡ್ರಿ. ಗುಂಡಪ್ಪ ಪಡಸಾಲ್ಯಾಗ ಅದಾನ, ಈಗಷ್ಟ ಊಟ ಆಗೇತಿ ಅವಂದು. ನಿಮ್ಮ ಚಾ, ಉಂಡಿ ಎಲ್ಲ ಇಲ್ಲೇ ಕಟ್ಟಿಗಿ ಕಳಸ್ತೀನಿ."

ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಎಳ್ಳುಂಡಿ ಬಂತು, ಶೇಂಗಾ ಉಂಡಿ ಬಂತು, ಚಹಾ ಬಂತು. ಒಳಗಿನಿಂದ ಅಕ್ಕ ತಮ್ಮಂದಿರ ನಗು ಬಂತು. ದಾರಿಯಲ್ಲಿ ಕೊಡೆ ಹಿಡಿದು ಹೋಗುತ್ತಿದ್ದ ಓಣಿಯ ಹಿರಿಯರೊಬ್ಬರು ನನ್ನನ್ನು ಗುರುತಿಸಿ ನಿಂತರು.

"ಏನ್ ಅಳಿಯಂದಿರ, ಹಬ್ಬದಾಗ ಹೊರಗ ಕುಂತೀರಿ?"

"ಒಳಗ ಸೆಕಿ ಭಾಳ ಐತ್ರಿ" ಎಂದೆ.

ಮಳೆ ಜೋರಾಯಿತು.